ಆಟಿಸಂ ಮತ್ತು ಬದಲಾವಣೆ: ಮಲೆನಾಡಿನ ಮನೆಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ನನ್ನ ತಮ್ಮನಿಗೆ ಆಟಿಸಂ ಇದೆ, ಅಂದರೆ ಅವನ ಮಿದುಳು ಬೆಳೆದ ರೀತಿಯೇ ನಮಗಿಂತ ಬೇರೆ. ಈಗ ಅವನು ಇಪ್ಪತ್ತು ದಾಟಿದ ಹುಡುಗ. ನಮ್ಮದು ಸಾಗರ ತಾಲೂಕಿನಲ್ಲಿ ಅಡಿಕೆ ತೋಟದ ನಡುವಿನ ಮನೆ. ಶಿವಮೊಗ್ಗ, ತೀರ್ಥಹಳ್ಳಿ, ಹೊಸನಗರ ಕಡೆಯಿಂದ ಇಂಥ ಮಕ್ಕಳ ಅಪ್ಪ ಅಮ್ಮ ಫೋನ್ ಮಾಡುತ್ತಿರುತ್ತಾರೆ. ಮಾತು ಎಲ್ಲಿಂದ ಶುರುವಾದರೂ ಕೊನೆಗೆ ಬಂದು ನಿಲ್ಲುವುದು ಇಲ್ಲಿಗೇ: ಏನಾದರೂ ಒಂಚೂರು ಬದಲಾದರೆ ಸಾಕು, ಮನೆ ಅಲ್ಲೋಲಕಲ್ಲೋಲ. ಅವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ನಾನು ಡಾಕ್ಟರಲ್ಲ. ಓದಿದ್ದು, ಮನೆಯಲ್ಲಿ ಕಂಡಿದ್ದು, ಬೇರೆ ಮನೆಯವರು ಹೇಳಿದ್ದು ಎಲ್ಲ ಸೇರಿಸಿ ಉತ್ತರ ಬರೆದಿದ್ದೇನೆ.

ಇಷ್ಟು ಸಣ್ಣ ಬದಲಾವಣೆಗೆ ಇಷ್ಟೊಂದು ಕಷ್ಟ ಯಾಕೆ?

ಇದು ಹೊಸದಾಗಿ ಕಂಡುಹಿಡಿದ ವಿಷಯವೇನಲ್ಲ. 1943ರಲ್ಲಿ ಅಮೆರಿಕದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ 11 ಮಕ್ಕಳ ಬಗ್ಗೆ ಒಂದು ಲೇಖನ ಬರೆದರು. ಆಟಿಸಂ ಬಗ್ಗೆ ಈಗ ನಾವು ಆಡುವ ಮಾತೆಲ್ಲ ಹೆಚ್ಚುಕಮ್ಮಿ ಅಲ್ಲಿಂದ ಶುರು. ಎಲ್ಲವೂ ಇದ್ದ ಹಾಗೇ ಇರಬೇಕು ಎಂಬ ಆತಂಕ ಆ ಮಕ್ಕಳಲ್ಲಿತ್ತು ಎಂದು ಅವರು ಆಗಲೇ ಗುರುತಿಸಿದ್ದರು. ಈಗಲೂ ಆಟಿಸಂ ಇದೆಯಾ ಎಂದು ಪರೀಕ್ಷೆ ಮಾಡುವಾಗ ಡಾಕ್ಟರು ಕೇಳುವ ವಿಷಯಗಳಲ್ಲಿ ಇದೂ ಒಂದು.

ಯಾಕೆ ಹೀಗೆ ಎಂಬುದಕ್ಕೆ ಹಲವು ವಿವರಣೆಗಳಿವೆ. ನನಗೆ ಹೆಚ್ಚು ಸರಿ ಅನಿಸಿದ್ದು ಊಹೆಯ ವಿಚಾರ. ಮುಂದಿನ ಕ್ಷಣ ಏನಾಗುತ್ತದೆ ಎಂದು ನಮ್ಮ ಮಿದುಳು ಸದಾ ಅಂದಾಜು ಮಾಡುತ್ತಾ ಇರುತ್ತದೆ. ಅದು ನಮ್ಮ ಗಮನಕ್ಕೂ ಬರುವುದಿಲ್ಲ. ಆಟಿಸಂ ಇರುವವರಲ್ಲಿ ಈ ಅಂದಾಜಿನ ಕೆಲಸ ಬೇರೆ ಥರ ನಡೆಯುತ್ತಿರಬಹುದು ಎಂದು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ವಿಜ್ಞಾನಿ ಪವನ್ ಸಿನ್ಹಾ ಮತ್ತು ಅವರ ಜೊತೆಗಾರರು 2014ರಲ್ಲಿ ವಾದಿಸಿದರು. ಆಗುಂಬೆ ಘಾಟಿಯಲ್ಲಿ ದಟ್ಟ ಮಂಜು ಕವಿದಾಗ ಬೈಕ್ ಓಡಿಸಿದ್ದೀರಾ? ರಸ್ತೆ ಅದೇ, ತಿರುವೂ ಅದೇ. ಆದರೂ ಪ್ರತಿ ತಿರುವಿಗೂ ಎದೆ ಡವಡವ. ಮುಂದೆ ಏನಿದೆ ಅಂತ ಕಾಣದಿದ್ದರೆ ಯಾರಿಗಾದರೂ ಹಾಗೇ ಆಗುತ್ತದೆ. ದಿನವೂ ಒಂದೇ ಕ್ರಮ ಇದ್ದರೆ ಅವರಿಗೆ ಮುಂದಿನದು ಕಾಣುತ್ತದೆ. ಅದಕ್ಕೇ ಅದನ್ನು ಅಷ್ಟು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ.

ಇದರ ಜೊತೆಗೆ ಸದ್ದು, ವಾಸನೆ, ಬೆಳಕು, ಬಟ್ಟೆಯ ಸ್ಪರ್ಶ. ಬಹಳ ಜನರಿಗೆ ಇವು ನಮಗಿಂತ ಎಷ್ಟೋ ಜಾಸ್ತಿ ತಾಗುತ್ತವೆ. ಹೊಸ ಜಾಗ ಅಂದರೆ ಹೊಸ ಸದ್ದು, ಹೊಸ ವಾಸನೆ ಎಲ್ಲ ಒಟ್ಟಿಗೇ ಮೈಮೇಲೆ ಬಿದ್ದ ಹಾಗೆ.

ಇದು ಹಠ ಅಲ್ವಾ? ಮುದ್ದು ಜಾಸ್ತಿ ಆಯ್ತು ಅಂತ ನಮ್ಮತ್ತೆ ಹೇಳ್ತಾರೆ.

ಅಲ್ಲ. ಹಠ ಮಾಡುವ ಮಗುವಿಗೆ ಏನೋ ಬೇಕಿರುತ್ತದೆ. ನೀವು ನೋಡುತ್ತಿದ್ದೀರಾ ಅಂತ ಕಣ್ಣಂಚಿನಲ್ಲೇ ಗಮನಿಸುತ್ತದೆ. ಕೇಳಿದ್ದು ಸಿಕ್ಕಿದ ಕೂಡಲೇ ಅಳು ನಿಲ್ಲುತ್ತದೆ. ಮೆಲ್ಟ್‌ಡೌನ್ ಹಾಗಲ್ಲ. ಅದು ತಡೆದುಕೊಳ್ಳಲಾಗದೆ ಕಟ್ಟೆ ಒಡೆದ ಸ್ಥಿತಿ. ಆಗ ಬಸ್ಸನ್ನು ವಾಪಸ್ ತಿರುಗಿಸಿದರೂ, ಹಳೇ ತಟ್ಟೆಯನ್ನೇ ತಂದುಕೊಟ್ಟರೂ ತಕ್ಷಣ ನಿಲ್ಲುವುದಿಲ್ಲ. ಮಗುವಿನ ಕೈಯಲ್ಲೂ ಅದು ಇರುವುದಿಲ್ಲ.

ಇನ್ನು ಕೆಲವರು ಕಿರುಚುವುದೇ ಇಲ್ಲ. ಮಾತು ನಿಂತುಹೋಗುತ್ತದೆ, ಮೂಲೆ ಹಿಡಿಯುತ್ತಾರೆ, ಊಟ ಬಿಡುತ್ತಾರೆ. ಇಂಥ ಮಗುವನ್ನು "ಪಾಪ, ಎಷ್ಟು ಹೊಂದಿಕೊಳ್ತು ನೋಡಿ" ಅಂತ ಹೊಗಳುವುದನ್ನು ಕೇಳಿದಾಗ ನನಗೆ ಸಂಕಟವಾಗುತ್ತದೆ. ಅದು ಹೊಂದಿಕೊಂಡಿಲ್ಲ. ಒಳಗೇ ಮುದುಡಿಕೊಂಡಿದೆ.

ಅತ್ತೆಯವರಿಗೆ ಒಂದು ಮಾತು ಹೇಳಿ ನೋಡಿ: ಹೊಡೆದು ಬೈದು ಬಿಡಿಸಬಹುದಾಗಿದ್ದರೆ ಯಾವಾಗಲೋ ಬಿಟ್ಟಿರುತ್ತಿತ್ತು.

ಮನೆ ಬದಲಿಸಿದಾಗ ಸುಮ್ಮನಿದ್ದ. ಆದ್ರೆ ಲೋಟ ಬದಲಾದ್ರೆ ಗಲಾಟೆ. ಇದೇನು ಲೆಕ್ಕ?

ಇದು ಎಲ್ಲರನ್ನೂ ಗಲಿಬಿಲಿ ಮಾಡುತ್ತದೆ. ಮನೆ ಬದಲಿಸುವ ವಿಷಯ ನೀವು ತಿಂಗಳುಗಟ್ಟಲೆ ಮಾತಾಡಿರುತ್ತೀರಿ. ಸಾಮಾನು ಕಟ್ಟುವುದನ್ನು ಅವನು ಕಣ್ಣಾರೆ ನೋಡಿರುತ್ತಾನೆ. ಲೋಟದ ವಿಷಯ ಯಾರೂ ಹೇಳಿರಲಿಲ್ಲ. ಬೆಳಗ್ಗೆ ಎದ್ದು ನೋಡಿದರೆ ಇಲ್ಲ. ದೊಡ್ಡದು ಸಣ್ಣದು ಅನ್ನುವುದು ನಮ್ಮ ಲೆಕ್ಕ. ಮೊದಲೇ ಗೊತ್ತಿತ್ತಾ, ತನ್ನ ಕೈಯಲ್ಲಿತ್ತಾ ಅನ್ನುವುದು ಅವನ ಲೆಕ್ಕ.

ಹೊಸ ಮನೆಯಲ್ಲಿ ಎಲ್ಲವೂ ಬದಲಾದಾಗ ಹಳೆಯದಾಗಿ ಉಳಿದದ್ದು ಆ ಲೋಟ ಒಂದೇ ಆಗಿರಲೂಬಹುದು. ಯೋಚನೆ ಮಾಡಿ. ಅಡಿಕೆ ಸುಗ್ಗಿಯಲ್ಲಿ ನಮ್ಮ ಮನೆ ಪೂರ್ತಿ ಬೇರೆಯೇ ಆಗುತ್ತದೆ. ಸುಲಿಯುವುದಕ್ಕೆ ಜನ ಬರುತ್ತಾರೆ, ರಾತ್ರಿ ತನಕ ಮಾತು, ಹಂಡೆಯಲ್ಲಿ ಅಡಿಕೆ ಬೇಯುವ ವಾಸನೆ, ಅಂಗಳ ತುಂಬ ಒಣಗಲು ಹರಡಿದ ಅಡಿಕೆ. ಆ ದಿನಗಳಲ್ಲಿ ತಮ್ಮನ ಊಟದ ಜಾಗ, ತಟ್ಟೆ, ಮಲಗುವ ಹೊತ್ತು ಈ ಮೂರನ್ನು ಅಮ್ಮ ಯಾರಿಗೂ ಮುಟ್ಟಲು ಬಿಡುವುದಿಲ್ಲ. ಅಷ್ಟು ಉಳಿದರೆ ಉಳಿದದ್ದನ್ನೆಲ್ಲ ಅವನು ತಡೆದುಕೊಳ್ಳುತ್ತಾನೆ.

ಮೊದಲೇ ಹೇಳಿದ್ರೆ ಆತಂಕ ಜಾಸ್ತಿ ಆಗಲ್ವಾ? ಎಷ್ಟು ದಿನ ಮುಂಚೆ ಹೇಳಬೇಕು?

ಹೇಳದೆ ಕರೆದುಕೊಂಡು ಹೋಗುವುದು ಮಾತ್ರ ಬೇಡವೇ ಬೇಡ. "ಐಸ್‌ಕ್ರೀಂ ತಿನ್ನೋಕೆ ಹೋಗೋಣ" ಅಂತ ಹೇಳಿ ಹಲ್ಲಿನ ಡಾಕ್ಟರ ಹತ್ತಿರ ಕೂರಿಸಿದರೆ ಆವತ್ತಿನ ಕೆಲಸ ಆಗಬಹುದು. ಆಮೇಲೆ ಐಸ್‌ಕ್ರೀಂ ಅಂದರೂ ಅವನು ಹೊಸಿಲು ದಾಟುವುದಿಲ್ಲ.

ಎಷ್ಟು ಮುಂಚೆ ಅನ್ನುವುದು ಒಬ್ಬೊಬ್ಬರಿಗೆ ಒಂದೊಂದು ಥರ. ಕೆಲವರಿಗೆ ವಾರ ಬೇಕು. ಕೆಲವರು ವಾರ ಮೊದಲು ಹೇಳಿದರೆ ವಾರವಿಡೀ ನಿದ್ದೆ ಮಾಡುವುದಿಲ್ಲ, ಅವರಿಗೆ ಹಿಂದಿನ ದಿನ ಸಾಕು. ಎರಡು ಸಲ ಬೇರೆ ಬೇರೆ ಥರ ಮಾಡಿ ನೋಡಿದರೆ ನಿಮಗೇ ಗೊತ್ತಾಗುತ್ತದೆ. ಹೇಳುವಾಗ ಏನು ಬದಲಾಗುತ್ತದೆ ಎನ್ನುವುದರ ಜೊತೆಗೆ ಏನು ಬದಲಾಗುವುದಿಲ್ಲ ಅಂತಲೂ ಹೇಳಿ. "ಮಾವನ ಮನೆಗೆ ಹೋಗ್ತೀವಿ. ಅಲ್ಲಿ ಎರಡು ರಾತ್ರಿ. ನಿನ್ನ ಕಂಬಳಿ ಬರುತ್ತೆ. ಬೆಳಗ್ಗೆ ದೋಸೆನೇ. ಭಾನುವಾರ ಸಾಯಂಕಾಲ ವಾಪಸ್." ವಾಪಸ್ ಬರುವುದು ಯಾವಾಗ ಅನ್ನುವುದನ್ನು ಎಷ್ಟೋ ಮನೆಯವರು ಹೇಳುವುದೇ ಇಲ್ಲ. ಕೊನೆ ಗೊತ್ತಿಲ್ಲದ ಪ್ರಯಾಣ ಯಾರಿಗೆ ಬೇಕು?

ನಮ್ಮ ಮಗಳಿಗೆ ಮಾತು ಬರಲ್ಲ. ಅವಳಿಗೆ ಹೇಗೆ ಹೇಳೋದು?

ಮಾತು ಬಾರದವರಿಗೆ ಮಾತು ಅರ್ಥವಾಗುವುದಿಲ್ಲ ಅಂತ ತಿಳಿಯಬೇಡಿ. ಬಾಯಲ್ಲೂ ಹೇಳಿ, ಚಿತ್ರದಲ್ಲೂ ತೋರಿಸಿ. ಆಡಿದ ಮಾತು ಗಾಳಿಯಲ್ಲಿ ಹೋಗಿಬಿಡುತ್ತದೆ, ಚಿತ್ರ ಗೋಡೆ ಮೇಲೆ ಉಳಿಯುತ್ತದೆ. ಮತ್ತೆ ಮತ್ತೆ ಹೋಗಿ ನೋಡಬಹುದು. ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ 1970ರ ದಶಕದಲ್ಲಿ ಎರಿಕ್ ಶಾಪ್ಲರ್ ಆಟಿಸಂ ಇರುವವರಿಗಾಗಿ ಬೆಳೆಸಿದ ಟೀಚ್ (TEACCH) ಎಂಬ ಕಲಿಕೆಯ ಪದ್ಧತಿಯಲ್ಲಿ ಈ ಚಿತ್ರದ ಟೈಮ್‌ಟೇಬಲ್‌ಗೆ ದೊಡ್ಡ ಜಾಗವಿದೆ. ಈಗ ಎಷ್ಟೋ ಸ್ಪೆಷಲ್ ಟೀಚರ್‌ಗಳು ಇದನ್ನು ಬಳಸುತ್ತಾರೆ.

ಮನೆಯಲ್ಲಿ ಮಾಡುವುದಕ್ಕೆ ದುಡ್ಡೇನೂ ಬೇಡ. ನಿಮ್ಮದೇ ಬಚ್ಚಲು, ನಿಮ್ಮದೇ ಶಾಲೆ ವ್ಯಾನು, ನಿಮ್ಮದೇ ತಟ್ಟೆಯ ಫೋಟೋ ಮೊಬೈಲಲ್ಲಿ ತೆಗೆದು ಪ್ರಿಂಟ್ ಹಾಕಿಸಿ. ಇಂಟರ್ನೆಟ್ಟಿನ ಬಣ್ಣದ ಚಿತ್ರಕ್ಕಿಂತ ಇದು ಬೇಗ ತಿಳಿಯುತ್ತದೆ. ಮೇಲಿನಿಂದ ಕೆಳಕ್ಕೆ ಸಾಲಾಗಿ ಅಂಟಿಸಿ. ಮುಗಿದದ್ದನ್ನು ತೆಗೆದು ಡಬ್ಬಿಗೆ ಹಾಕಲಿ. ಚಿತ್ರವೂ ಹತ್ತದ ಮಕ್ಕಳಿಗೆ ವಸ್ತುವನ್ನೇ ಕೈಗೆ ಕೊಡಬಹುದು: ಟವೆಲ್ ಅಂದರೆ ಸ್ನಾನ, ಬ್ಯಾಗ್ ಅಂದರೆ ಶಾಲೆ.

ಮಳೆಗಾಲ ಬಂತು ಅಂದ್ರೆ ನಮಗೆ ಭಯ. ರಜೆ ಯಾವಾಗ ಅಂತ ನಮಗೇ ಗೊತ್ತಿರಲ್ಲ, ಅವನಿಗೆ ಏನು ಹೇಳೋದು?

ಬಯಲುಸೀಮೆಯವರಿಗೆ ಈ ಪ್ರಶ್ನೆಯೇ ಬರಲಿಕ್ಕಿಲ್ಲ. ಇಲ್ಲಿ ಜುಲೈ ಅಂದರೆ ಇದೇ ಕಥೆ. ರಾತ್ರಿ ಮಲಗುವಾಗ ಶಾಲೆ ಇತ್ತು, ಬೆಳಗ್ಗೆ ವಾಟ್ಸಾಪಿನಲ್ಲಿ ರಜೆ. ಮಗು ಯೂನಿಫಾರಂ ಹಾಕಿ ನಿಂತಿದೆ.

ಇಲ್ಲಿ ಕಲಿಸಬೇಕಾದದ್ದು "ಇರಬಹುದು" ಅನ್ನುವುದನ್ನು. ನಮ್ಮಲ್ಲಿ ಮಾಡಿದ್ದು ಹೀಗೆ. ಒಂದು ರಟ್ಟಿನ ಒಂದು ಬದಿಗೆ ಶಾಲೆಯ ಫೋಟೋ, ಇನ್ನೊಂದು ಬದಿಗೆ ಮನೆಯ ಫೋಟೋ. ಜೋರು ಮಳೆಯ ದಿನ ರಾತ್ರಿ ಎರಡನ್ನೂ ತೋರಿಸಿ "ನಾಳೆ ಇದು, ಇಲ್ಲಾ ಇದು" ಅಂತ ಹೇಳುವುದು. ಆಮೇಲೆ ರಟ್ಟನ್ನು ಗಡಿಯಾರದ ಕೆಳಗೆ ಅಂಚಿನ ಮೇಲೆ ನಿಲ್ಲಿಸುವುದು. ಬೆಳಗ್ಗೆ ಏಳು ಗಂಟೆಗೆ ಅಪ್ಪಯ್ಯ ಫೋನ್ ನೋಡಿ ಒಂದು ಬದಿಯನ್ನು ಎದುರಿಗೆ ತಿರುಗಿಸುತ್ತಿದ್ದರು. ಏನಾಗುತ್ತದೆ ಅಂತ ಗೊತ್ತಿರಲಿಲ್ಲ, ಆದರೆ ಎಷ್ಟು ಹೊತ್ತಿಗೆ ಗೊತ್ತಾಗುತ್ತದೆ ಅಂತ ಗೊತ್ತಿತ್ತು. ಅಷ್ಟರಿಂದಲೇ ಬಹಳ ವ್ಯತ್ಯಾಸ ಆಯಿತು. ರಜೆಯ ದಿನಕ್ಕೆ ಬೇರೆಯೇ ಟೈಮ್‌ಟೇಬಲ್ ಸಿದ್ಧವಿರಬೇಕು. ಸುಮ್ನೆ "ರಜೆ" ಅಂದರೆ ಅವನ ಪಾಲಿಗೆ ಅದು ಖಾಲಿ ದಿನ.

ಕರೆಂಟ್ ಹೋಗುವುದೂ ಹಾಗೇ. ಟಿವಿ, ಫ್ಯಾನು ಎಲ್ಲ ಒಮ್ಮೆಲೇ ನಿಂತಾಗ ಮನೆಯ ಸದ್ದೇ ಬದಲಾಗುತ್ತದೆ. ಕರೆಂಟ್ ಹೋದಾಗ ಮಾತ್ರ ತೆಗೆಯುವ ಒಂದು ಡಬ್ಬಿ ಇಡಿ. ಟಾರ್ಚು, ಇಷ್ಟದ ಆಟದ ಸಾಮಾನು, ತಿನ್ನಲು ಏನಾದರೂ. ಕರೆಂಟ್ ಇರುವಾಗ ಅದನ್ನು ತೆಗೆಯಬಾರದು. ರೇನ್‌ಕೋಟನ್ನು ಜೂನ್ ಮೊದಲ ಮಳೆಯ ದಿನ ಹಾಕಿಸಲು ಹೋಗಬೇಡಿ. ಮೇ ತಿಂಗಳಲ್ಲೇ ಮನೆಯೊಳಗೆ ಐದೈದು ನಿಮಿಷ ಹಾಕಿ ತೆಗೆದು ಅಭ್ಯಾಸ ಮಾಡಿಸಿ. ಆ ಪ್ಲಾಸ್ಟಿಕ್ ಸದ್ದು, ಅಂಟು ಅಂಟು ಅನ್ನುವುದು ಎಷ್ಟೋ ಮಕ್ಕಳಿಗೆ ಆಗುವುದೇ ಇಲ್ಲ. ಆಗದಿದ್ದರೆ ಬಿಡಿ, ಕೊಡೆ ಇದೆಯಲ್ಲ.

ಹಬ್ಬ, ಮದುವೆ, ಜಾತ್ರೆಗೆ ಕರೆದುಕೊಂಡು ಹೋಗಬೇಕಾ, ಬಿಡಬೇಕಾ?

ಕರೆದುಕೊಂಡು ಹೋಗಿ, ಆದರೆ ಪೂರ್ತಿ ಹೊತ್ತು ಇರಲೇಬೇಕು ಅಂತ ಮಾಡಬೇಡಿ. ಮದುವೆಯಾದರೆ ಜನ ಸೇರುವ ಮೊದಲೇ ಹೋಗಿ. ಖಾಲಿ ಛತ್ರ ನೋಡಿದ ಮಗುವಿಗೆ ತುಂಬಿದ ಛತ್ರ ಅಷ್ಟು ಗಾಬರಿ ಹುಟ್ಟಿಸುವುದಿಲ್ಲ. ತಪ್ಪಿಸಿಕೊಂಡು ಕೂರಲು ಒಂದು ರೂಮ್ ಕೇಳಿಟ್ಟುಕೊಳ್ಳಿ. ವಾಪಸ್ ಹೊರಡಲು ನಿಮ್ಮದೇ ಗಾಡಿ ಇರಲಿ.

ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ. "ಹೋದ ಸಲ ಬಂದಿದ್ದನಲ್ಲ" ಅನ್ನುವುದು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಮೂರು ವರ್ಷದಲ್ಲಿ ಮಗು ಬೇರೆಯೇ ಆಗಿರುತ್ತದೆ. ಹೋದ ಸಲದ ಫೋಟೋ, ವಿಡಿಯೋ ತೋರಿಸಿ ಹೊಸದಾಗಿಯೇ ತಯಾರಿ ಮಾಡಿ.

ದೀಪಾವಳಿಯ ಅಂಟಿಕೆ ಪಂಟಿಕೆ ಬಗ್ಗೆ ಬಹಳ ಜನ ಕೇಳುತ್ತಾರೆ. ನಮಗದು ಸಂಭ್ರಮ. ಆದರೆ ಮಗುವಿನ ಕಡೆಯಿಂದ ನೋಡಿ: ನಡುರಾತ್ರಿ, ನಿದ್ದೆಯ ಹೊತ್ತು, ಗುರುತಿಲ್ಲದ ಗಂಡಸರ ಗುಂಪು ದೀಪ ಹಿಡಿದು ಜೋರಾಗಿ ಹಾಡುತ್ತಾ ಬಾಗಿಲಿಗೆ ಬರುತ್ತದೆ. ನಮ್ಮ ಊರಿನ ತಂಡದವರಿಗೆ ಅಮ್ಮ ಮೊದಲೇ ಹೇಳಿಬಿಟ್ಟಳು. ಅವರು ಸಂಜೆಯೇ ಒಮ್ಮೆ ಬಂದು, ತಮ್ಮನಿಗೆ ದೀಪ ತೋರಿಸಿ, ಒಂದು ಪದ ಮೆಲ್ಲಗೆ ಹಾಡಿ ಹೋದರು. ರಾತ್ರಿ ಬಂದಾಗ ಅವನು ಒಳಗೇ ಇದ್ದ, ಕಿವಿ ಮುಚ್ಚಿಕೊಂಡಿದ್ದ, ಆದರೆ ಕಿರುಚಲಿಲ್ಲ. ಈಗ ಎಣ್ಣೆ ಹೊಯ್ಯುವುದು ಅವನ ಕೆಲಸ. ಊರಿನವರಿಗೆ ಹೇಳಲು ಸಂಕೋಚ ಬೇಡ. ಕೇಳಿದರೆ ಜನ ಮಾಡುತ್ತಾರೆ.

ಟಿವಿ ಬಿಟ್ಟು ಊಟಕ್ಕೆ ಬಾ ಅಂದ್ರೂ ಯುದ್ಧ. ಇದೂ ಬದಲಾವಣೆನಾ?

ಹೌದು, ಇದೇ ದಿನಕ್ಕೆ ಹತ್ತಾರು ಸಲ ಬರುವ ಬದಲಾವಣೆ. ಆಟಿಸಂ ಇರುವ ಹಲವರ ಗಮನ ಒಂದು ಕಡೆ ಆಳವಾಗಿ ಇಳಿದಿರುತ್ತದೆ. ಅಲ್ಲಿಂದ ಕಿತ್ತು ಇನ್ನೊಂದು ಕಡೆ ಇಡುವುದು ನಿಜಕ್ಕೂ ಕಷ್ಟದ ಕೆಲಸ. ಎದ್ದು ಬರಬೇಕು ಅಂತ ಮನಸ್ಸಿದ್ದರೂ ಮೈ ಏಳುವುದಿಲ್ಲ ಅಂತ ಆಟಿಸಂ ಇರುವ ದೊಡ್ಡವರೇ ಹೇಳುತ್ತಾರೆ. "ಹತ್ತು ನಿಮಿಷ" ಅನ್ನುವುದಕ್ಕಿಂತ "ಈ ಹಾಡು ಮುಗಿದ ಮೇಲೆ" ಅನ್ನಿ. ಅಡುಗೆಮನೆಯಿಂದ ಕೂಗಬೇಡಿ, ಹತ್ತಿರ ಹೋಗಿ ಹೇಳಿ. ಹೇಳಿ ಒಂದಷ್ಟು ಹೊತ್ತು ಕಾಯಿರಿ.

ಮೆಲ್ಟ್‌ಡೌನ್ ಶುರುವಾದಾಗ ಏನು ಮಾಡಬೇಕು?

ಮಾತು ಕಡಿಮೆ ಮಾಡಿ. ಪ್ರಶ್ನೆ ಕೇಳಬೇಡಿ, ಬುದ್ಧಿ ಹೇಳಬೇಡಿ. ತಾಗುವ, ಒಡೆಯುವ ಸಾಮಾನು ಸರಿಸಿ. ಲೈಟು, ಸದ್ದು ಕಡಿಮೆ ಮಾಡಿ. ನೋಡಲು ಬಂದ ನೆರೆಯವರನ್ನು ಹೊರಗೆ ಕಳಿಸಿ. ಕೆಲವರಿಗೆ ಗಟ್ಟಿಯಾಗಿ ಅಪ್ಪಿಕೊಂಡರೆ ಸಮಾಧಾನ, ಕೆಲವರಿಗೆ ಮುಟ್ಟಿದರೆ ಇನ್ನೂ ಜಾಸ್ತಿ. ಮುಗಿದ ಮೇಲೆ ನೀರು, ನಿದ್ದೆ. ಯಾಕೆ ಹೀಗೆ ಮಾಡಿದೆ ಅಂತ ಆವತ್ತು ವಿಚಾರಣೆ ಬೇಡ.

ಅವನಿಗೆ ಪ್ರಾಣವಾದದ್ದೇ ಶಾಶ್ವತವಾಗಿ ನಿಂತುಹೋದ್ರೆ?

ನಮ್ಮ ಮನೆಯಲ್ಲಿ ಇದು ಸಿಗಂದೂರು ಲಾಂಚಿನ ವಿಷಯದಲ್ಲಿ ಆಯಿತು. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಶರಾವತಿ ಹಿನ್ನೀರು ದಾಟುವ ಲಾಂಚು ತಮ್ಮನಿಗೆ ಜೀವ. ಬಸ್ಸು ಲಾಂಚ್ ಮೇಲೆ ಹತ್ತುವಾಗಿನ ಕಬ್ಬಿಣದ ಸದ್ದು, ಎಂಜಿನ್ ನಡುಕ, ಅವನು ಯಾವಾಗಲೂ ನಿಲ್ಲುವ ಬಲಬದಿಯ ಕಂಬಿ. ಅತ್ತ ಸೇತುವೆಯ ಕಂಬಗಳು ಏಳುತ್ತಾ ಇದ್ದವು. ಸುಮಾರು ಎರಡೂವರೆ ಕಿಲೋಮೀಟರ್ ಉದ್ದದ ಆ ಸೇತುವೆ 2025ರ ಜುಲೈ 14ರಂದು ಉದ್ಘಾಟನೆ ಆಯಿತು. ದಶಕಗಳಿಂದ ಕಾದಿದ್ದ, ಹಿನ್ನೀರಿನ ಆಚೆಯ ತುಮರಿ ಕಡೆಯವರಿಗೆ ಅದು ಎಷ್ಟು ದೊಡ್ಡ ಖುಷಿ ಅಂತ ನಮಗೂ ಗೊತ್ತು. ಅವನಿಗೆ ಮಾತ್ರ ಅದು ನಷ್ಟ.

ಸೇತುವೆ ಕಟ್ಟುತ್ತಿರುವಾಗಲೇ ಪ್ರತಿ ಸಲ ಹೋದಾಗಲೂ ಒಂದು ಫೋಟೋ ತೆಗೆದು ಪುಸ್ತಕಕ್ಕೆ ಅಂಟಿಸಿದೆವು. "ಇದು ಮುಗಿದ ಮೇಲೆ ಬಸ್ಸು ಮೇಲೆ ಹೋಗುತ್ತೆ" ಅಂತ ಪ್ರತಿ ಫೋಟೋ ಕೆಳಗೆ ಬರೆದೆವು. ಲಾಂಚಿನ ಸದ್ದನ್ನು ಮೊಬೈಲಲ್ಲಿ ರೆಕಾರ್ಡ್ ಮಾಡಿದೆವು. ಮೊದಲ ಸಲ ಸೇತುವೆ ಮೇಲೆ ಹೋದಾಗ ಅವನು ಕಣ್ಣು ಮುಚ್ಚಿ, ಇಯರ್‌ಫೋನಿನಲ್ಲಿ ಆ ಸದ್ದು ಕೇಳುತ್ತಾ ದಾಟಿದ. ದಾಟಿದ ಮೇಲೆ ಅತ್ತ. ಯಾರೂ "ಸೇತುವೆ ಚೆನ್ನಾಗಿದೆ ಅಲ್ವಾ" ಅಂತ ಸಮಾಧಾನ ಹೇಳಲಿಲ್ಲ. ಹೋದದ್ದು ಹೋಯಿತು, ಅಳು ಬರುವುದು ಸಹಜ. ಈಗಲೂ ಆ ಪುಸ್ತಕ ತೆಗೆದು ನೋಡುತ್ತಾನೆ.

ಮನೆಯಲ್ಲಿ ಅಜ್ಜ ತೀರಿಕೊಂಡರು. ಅವಳಿಗೆ ಹೇಗೆ ಹೇಳಬೇಕು?

ನೇರವಾಗಿ ಹೇಳಿ: "ಅಜ್ಜ ಸತ್ತುಹೋದರು. ಅವರ ಮೈ ಕೆಲಸ ನಿಲ್ಲಿಸಿತು. ಇನ್ನು ವಾಪಸ್ ಬರುವುದಿಲ್ಲ." ಊರಿಗೆ ಹೋದರು, ಮಲಗಿದ್ದಾರೆ ಅಂದರೆ ಅವಳು ಅದನ್ನೇ ನಂಬಿ ದಿನವೂ ಬಾಗಿಲು ಕಾಯುತ್ತಾಳೆ. ಮಲಗಲೂ ಹೆದರಬಹುದು. ಹದಿಮೂರು ದಿನ ಮನೆಗೆ ಯಾರು ಬರುತ್ತಾರೆ, ಏನೇನು ನಡೆಯುತ್ತದೆ, ಯಾವತ್ತು ಮುಗಿಯುತ್ತದೆ ಎಂದು ಕ್ಯಾಲೆಂಡರ್‌ನಲ್ಲಿ ಗುರುತು ಮಾಡಿ. ಅಜ್ಜನ ಕುರ್ಚಿಯನ್ನು ಅವಸರದಲ್ಲಿ ಎತ್ತಿಡಬೇಡಿ. ಅವಳು ಅಳದಿದ್ದರೆ ದುಃಖವಿಲ್ಲ ಅಂತಲೂ ಅಲ್ಲ. ತಿಂಗಳ ಮೇಲೆ ಬೇರೆ ಯಾವುದೋ ನೆಪದಲ್ಲಿ ಅದು ಹೊರಬರಬಹುದು.

ಎಲ್ಲ ಅವನಿಗೆ ಬೇಕಾದ ಹಾಗೆ ಇಟ್ಟರೆ ಇನ್ನೂ ಬಿಗಿಯಾಗಲ್ವಾ? ಹೊಂದಿಕೊಳ್ಳೋದು ಯಾವಾಗ ಕಲಿಯೋದು?

ಈ ಚಿಂತೆ ಸರಿಯಾದದ್ದೇ. ಆದರೆ ಹೆದರಿದ ಮಗು ಏನನ್ನೂ ಕಲಿಯುವುದಿಲ್ಲ. ದಿನ ಭದ್ರವಾಗಿದ್ದರೆ ಮಾತ್ರ ಅದರಲ್ಲಿ ಸಣ್ಣದೊಂದನ್ನು ಅಲುಗಾಡಿಸಬಹುದು. ದೋಸೆ ಜೊತೆ ಚಟ್ನಿ ಬದಲು ಬೆಲ್ಲ. ಶಾಲೆಯಿಂದ ಬರುವಾಗ ಬೇರೆ ಓಣಿ. ಟೈಮ್‌ಟೇಬಲ್‌ನಲ್ಲೇ ಒಂದು ಪ್ರಶ್ನೆ ಚಿಹ್ನೆಯ ಕಾರ್ಡ್ ಇಡಿ, ಮೊದಮೊದಲು ಅದರ ಹಿಂದೆ ಯಾವಾಗಲೂ ಖುಷಿಯದ್ದೇ ಇರಲಿ. ಆಯ್ಕೆ ಅವನ ಕೈಗೆ ಕೊಡಿ. ತಾನೇ ಆರಿಸಿದ ಬದಲಾವಣೆ ಅರ್ಧ ಭಾರ ಕಡಿಮೆ.

ಏಳನೇ ಕ್ಲಾಸ್ ಮುಗೀತು, ಹೈಸ್ಕೂಲಿಗೆ ಬೇರೆ ಶಾಲೆ. ಏನು ಮಾಡೋದು?

ಏಪ್ರಿಲ್, ಮೇ ರಜೆಯಲ್ಲೇ ಖಾಲಿ ಶಾಲೆ ತೋರಿಸಿ. ಗೇಟು, ಕ್ಲಾಸು, ಮುಖ್ಯವಾಗಿ ಶೌಚಾಲಯ. ಹೈಸ್ಕೂಲಿನಲ್ಲಿ ಪೀರಿಯಡ್ಡಿಗೊಬ್ಬರು ಟೀಚರು, ಅವರ ಫೋಟೋ ಸಿಕ್ಕರೆ ಒಳ್ಳೆಯದು. ಕ್ಲಾಸ್ ಟೀಚರಿಗೆ ಒಂದೇ ಪುಟದಲ್ಲಿ ಬರೆದುಕೊಡಿ: ಏನು ಆಗುವುದಿಲ್ಲ, ಆಗದಿದ್ದಾಗ ಹೇಗೆ ಗೊತ್ತಾಗುತ್ತದೆ, ಏನು ಮಾಡಿದರೆ ಸರಿಹೋಗುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುವ 21 ವಿಧದ ಅಂಗವೈಕಲ್ಯಗಳಲ್ಲಿ ಆಟಿಸಂ ಕೂಡ ಸೇರಿದೆ. ಶೇಕಡಾ 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯದ ಪ್ರಮಾಣಪತ್ರ ಇರುವ 6ರಿಂದ 18 ವರ್ಷದ ಮಕ್ಕಳಿಗೆ ಹತ್ತಿರದ ಶಾಲೆಯಲ್ಲೋ ವಿಶೇಷ ಶಾಲೆಯಲ್ಲೋ ಉಚಿತವಾಗಿ ಓದುವ ಹಕ್ಕಿದೆ. ನಮ್ಮಲ್ಲಿ ಆಗಲ್ಲ ಅಂತ ಯಾರಾದರೂ ಅಂದರೆ ಇದನ್ನು ನೆನಪಿಸಿ.

ಇದಕ್ಕೆ ಔಷಧ ಇದೆಯಾ?

ಆಟಿಸಂಗೆ, ಬದಲಾವಣೆಯ ಭಯಕ್ಕೆ ಅಂತಲೇ ಔಷಧ ಇಲ್ಲ. ತೀವ್ರ ಆತಂಕ, ನಿದ್ದೆಗೇಡು, ತನಗೇ ಹೊಡೆದುಕೊಳ್ಳುವುದು ಇದ್ದರೆ ಮನೋವೈದ್ಯರು ಅದಕ್ಕೆ ಔಷಧ ಕೊಡಬಹುದು. ಗುಣ ಮಾಡುತ್ತೇವೆ ಅನ್ನುವ ಪೊಟ್ಟಣಗಳನ್ನು ದಯವಿಟ್ಟು ನಂಬಬೇಡಿ.

ಇದ್ದಕ್ಕಿದ್ದಂತೆ ಮೊಂಡುತನ ದುಪ್ಪಟ್ಟಾದರೆ ಮೊದಲು ಮೈ ಪರೀಕ್ಷೆ ಮಾಡಿಸಿ. ಹಲ್ಲುನೋವು, ಕಿವಿನೋವು, ಮಲಬದ್ಧತೆ. ನೋವಿದೆ ಅಂತ ಹೇಳಲು ಬಾರದವರು ಹೀಗೇ ಹೇಳುತ್ತಾರೆ.

ಶಿವಮೊಗ್ಗದಲ್ಲಿ ಮೊದಲು ಎಲ್ಲಿಗೆ ಹೋಗಬೇಕು?

ಮೆಗ್ಗಾನ್ ಆಸ್ಪತ್ರೆಯಲ್ಲಿ ಮಕ್ಕಳ ವಿಭಾಗ, ಮನೋವೈದ್ಯ ವಿಭಾಗದಲ್ಲಿ ಕೇಳಿ. ಅಂಗನವಾಡಿಗೆ, ಸರ್ಕಾರಿ ಶಾಲೆಗೆ ಮಕ್ಕಳ ಆರೋಗ್ಯ ತಪಾಸಣೆಗೆ ಬರುವ ಆರ್‌ಬಿಎಸ್‌ಕೆ ಎಂಬ ಸರ್ಕಾರಿ ಯೋಜನೆಯ ತಂಡದವರಿಗೂ ತೋರಿಸಬಹುದು, 18 ವರ್ಷದವರೆಗಿನ ಮಕ್ಕಳನ್ನು ಅವರು ಮುಂದಕ್ಕೆ ಕಳಿಸುತ್ತಾರೆ. ಮಾತಿನ ತೊಂದರೆಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಆಯಿಷ್, ಹೆಚ್ಚಿನ ಪರೀಕ್ಷೆಗೆ ಬೆಂಗಳೂರಿನ ನಿಮ್ಹಾನ್ಸ್. ನಿಮಗೇ ತಡೆದುಕೊಳ್ಳಲಾಗದ ರಾತ್ರಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ, ಮಾಡಿಸಿ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ನಿರಾಮಯ ಯೋಜನೆಯಲ್ಲಿ 1 ಲಕ್ಷ ರೂಪಾಯಿವರೆಗೆ ಆರೋಗ್ಯ ವಿಮೆ ಸಿಗುತ್ತದೆ, ಥೆರಪಿಯ ಖರ್ಚೂ ಅದರಲ್ಲಿ ಸೇರುತ್ತದೆ.

ನಾವು ಹೋದ ಮೇಲೆ?

ಎಲ್ಲ ಅಪ್ಪ ಅಮ್ಮಂದಿರೂ ಕೊನೆಗೆ, ದನಿ ತಗ್ಗಿಸಿ ಕೇಳುವ ಪ್ರಶ್ನೆ ಇದು. ಅವರ ಬದುಕಿನಲ್ಲಿ ಬರುವ ದೊಡ್ಡ ಬದಲಾವಣೆ ಇದೇ. ತಯಾರಿ ಬೇಡವೆಂದು ಎಲ್ಲರೂ ಮುಂದೂಡುವುದೂ ಇದನ್ನೇ.

ಕಾನೂನಿನ ಕಡೆಯಿಂದ, 18 ತುಂಬಿದ ಮೇಲೆ ಅಗತ್ಯವಿದ್ದರೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಅವರನ್ನು ನೋಡಿಕೊಳ್ಳಲು ಕಾನೂನುಬದ್ಧ ಗಾರ್ಡಿಯನ್ ಒಬ್ಬರನ್ನು ನೇಮಿಸಿಕೊಳ್ಳಬಹುದು. ಅರ್ಜಿ ಜಿಲ್ಲಾಧಿಕಾರಿಗಳು ಇರುವ ಸ್ಥಳೀಯ ಸಮಿತಿಗೆ ಹೋಗುತ್ತದೆ. ಮನೆಯ ಕಡೆಯಿಂದ, ನಮ್ಮಮ್ಮ ಒಂದು ನೋಟ್‌ಬುಕ್ ಬರೆಯುತ್ತಿದ್ದಾಳೆ. ಅನ್ನ ಎಷ್ಟು ಬಿಸಿ ಇರಬೇಕು, ಯಾವ ಸೋಪು, ಕತ್ತರಿಯಲ್ಲಿ ಮಾತ್ರ ಕೂದಲು ಕತ್ತರಿಸಬೇಕು, ಮಿಷನ್ ಬೇಡ, ಹೊಟ್ಟೆನೋವು ಬಂದರೆ ಅವನು ಕಿವಿ ಹಿಡಿದುಕೊಳ್ಳುತ್ತಾನೆ. ಇವೆಲ್ಲ ಅವಳ ತಲೆಯಲ್ಲಿ ಮಾತ್ರ ಇದ್ದವು. ಹೋದ ವರ್ಷದಿಂದ ತಮ್ಮ ಪ್ರತಿ ತಿಂಗಳ ಎರಡನೇ ಶನಿವಾರ ಶಿವಮೊಗ್ಗದಲ್ಲಿ ನನ್ನ ಮನೆಗೆ ಬಂದು ಒಂದು ರಾತ್ರಿ ಉಳಿಯುತ್ತಾನೆ, ಅಮ್ಮ ಇಲ್ಲದೆ. ಮೊದಲು ನಿದ್ದೆ ಮಾಡುತ್ತಿರಲಿಲ್ಲ. ಈಗ ನನ್ನ ಮನೆಯಲ್ಲೂ ಅವನದೇ ಒಂದು ಲೋಟ ಇದೆ. ಇನ್ನು ಎರಡು ರಾತ್ರಿ ಮಾಡಬೇಕು ಅಂತಿದ್ದೇವೆ.